ಮೆಲ್ಬರ್ನ್‌ನಲ್ಲಿ ಗುಡುಗು ಬಂದರೆ ನಾನು ಕಿಟಕಿ ಮುಚ್ತೀನಿ

ಮಳೆ ಬರೋ ಹಾಗಿದ್ದರೆ ಕಿಟಕಿ ತೆಗೆದು ಗಾಳಿಗೆ ಮುಖ ಕೊಟ್ಟು ನಿಲ್ಲುವುದು ನನ್ನ ಹಳೇ ಚಟ. ಮೆಲ್ಬರ್ನ್‌ನಲ್ಲಿ ಅದು ಬಿಟ್ಟುಹೋಯಿತು.

ಬಂದ ಮೊದಲ ವರ್ಷ ಏನೂ ಆಗಲಿಲ್ಲ. ಎರಡನೇ ವರ್ಷ ಅಕ್ಟೋಬರ್‌ನಲ್ಲಿ ಸೀನು, ಕಣ್ಣು ತುರಿಕೆ ಶುರುವಾಯಿತು. ನೆಗಡಿ ಅಂತ ಸುಮ್ನಿದ್ದೆ. ಇಲ್ಲಿ ಇದಕ್ಕೆ ಹೇ ಫೀವರ್ ಅಂತಾರೆ, ಜ್ವರ ಮಾತ್ರ ಇರಲ್ಲ! ರೈಗ್ರಾಸ್ ಅನ್ನೋ ಹುಲ್ಲಿನ ಪರಾಗ ಊರಾಚೆಯ ಬಯಲಿನಿಂದ ಗಾಳಿಯಲ್ಲಿ ತೇಲಿ ಬರುತ್ತದೆ, ಅದರ ಕಾಟ.

ನವೆಂಬರ್‌ನ ಒಂದು ಸಂಜೆ ಟ್ರ್ಯಾಮ್‌ಗೆ ಕಾಯ್ತಿದ್ದೆ. ಬಿಸಿಲಲ್ಲಿ ಬೆಂದ ದಿನ, ಇದ್ದಕ್ಕಿದ್ದಂತೆ ತಣ್ಣನೆ ಗಾಳಿ ಬೀಸಿತು. ಆಹಾ ಅಂದೆ. ಸ್ವಲ್ಪ ಹೊತ್ತಿಗೆ ಎದೆಗೆ ಯಾರೋ ಬೆಲ್ಟ್ ಬಿಗಿದ ಹಾಗೆ, ಉಸಿರು ಬಿಟ್ಟರೆ ಸುಂಯ್ ಅಂತ ಸದ್ದು. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಕೈ ಹಿಡಿದು ಎದುರಿನ ಔಷಧಿ ಅಂಗಡಿಗೆ ಕರೆದುಕೊಂಡು ಹೋದರು. ಕಟ್ಟಿದ ಉಸಿರನ್ನು ಬೇಗ ಸಡಿಲಿಸೋ ನೀಲಿ ಇನ್‌ಹೇಲರ್‌ಗೆ ಇಲ್ಲಿ ಡಾಕ್ಟರ ಚೀಟಿ ಬೇಡ. ಅಂಗಡಿಯವಳು ಅದಕ್ಕೆ ಸ್ಪೇಸರ್ ಅನ್ನೋ ಪ್ಲಾಸ್ಟಿಕ್ ಕೊಳವೆ ಸಿಕ್ಕಿಸಿ, ಒಂದೊಂದೇ ಪಫ್ ಒತ್ತಿ, ಪ್ರತಿ ಪಫ್‌ಗೂ 4 ಸಲ ಉಸಿರೆಳೆಸಿದಳು. ಹೀಗೆ 4 ಪಫ್, ಆಮೇಲೆ 4 ನಿಮಿಷ ಕಾಯೋದು. ಆಗಲೂ ಸರಿಹೋಗದಿದ್ದರೆ ಇನ್ನೂ 4 ಪಫ್, ಅದಕ್ಕೂ ಬಗ್ಗದಿದ್ದರೆ ಆಂಬುಲೆನ್ಸ್‌ಗೆ 000ಕ್ಕೆ ಫೋನ್ ಮಾಡೋದು. ಬೆಲ್ಟ್ ನಿಧಾನಕ್ಕೆ ಸಡಿಲವಾಯಿತು. ಕೈ ಮಾತ್ರ ನಡುಗ್ತಿತ್ತು, ಅದು ಔಷಧಿಯಿಂದಲೇ ಅಂದಳು.

ಇದಕ್ಕೆ ಗುಡುಗು ಅಸ್ತಮಾ ಅಂತಾರೆ ಅಂತ ಆಮೇಲೆ ಡಾಕ್ಟರು ಬಿಡಿಸಿ ಹೇಳಿದರು. ಇಡೀ ಪರಾಗ ದಪ್ಪ, ಮೂಗಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಗುಡುಗು ಮಳೆಯ ಮೋಡ ಅದನ್ನು ಮೇಲಕ್ಕೆಳೆದುಕೊಂಡಾಗ ತೇವಕ್ಕೆ ಒಡೆದು ನೂರಾರು ಚೂರಾಗುತ್ತದೆ. ಮಳೆಗೆ ಮುಂಚೆ ಬರುವ ತಂಪು ಗಾಳಿ ಆ ಚೂರುಗಳನ್ನು ನೆಲದ ಮಟ್ಟಕ್ಕೆ ತಂದು ಸುರಿಯುತ್ತದೆ, ಅವು ಸೀದಾ ಶ್ವಾಸಕೋಶದ ಒಳಗೆ ಇಳಿಯುತ್ತವೆ. ನಾನು ಆಹಾ ಅಂದಿದ್ದು ಅದೇ ಗಾಳಿಗೆ.

2016ರ ನವೆಂಬರ್ 21ರ ಸಂಜೆ ಇಲ್ಲಿ ಹೀಗೇ ಆಗಿ ಸಾವಿರಾರು ಜನ ಉಸಿರಾಡಲಾಗದೆ ಆಸ್ಪತ್ರೆಗೆ ಓಡಿದ್ದರು, 10 ಜನ ತೀರಿಕೊಂಡರು. ಆಸ್ಪತ್ರೆಗೆ ಬಂದವರಲ್ಲಿ ಎಷ್ಟೋ ಮಂದಿಗೆ ಅಸ್ತಮಾ ಇದೆಯೆಂದು ಯಾರೂ ಹೇಳಿರಲಿಲ್ಲ, ಬರೀ ಸೀನು ಇತ್ತು ಅಷ್ಟೇ. ಭಾರತ, ಶ್ರೀಲಂಕಾದಿಂದ ಬಂದವರೂ ಜಾಸ್ತಿ ಇದ್ದರು. ಸೀನು ತಾನೇ ಅಂತ ನಾನೂ ಕೂತಿದ್ದೆ, ಅಲ್ವಾ?

ಈಗ ಹುಲ್ಲಿನ ಕಾಲ ಶುರುವಾಗುವ ಮೊದಲೇ ದಿನಾ ಪ್ರಿವೆಂಟರ್, ಅಂದರೆ ಉಸಿರು ಕಟ್ಟದಂತೆ ಮುಂಚೆಯೇ ತಡೆಯೋ ಇನ್‌ಹೇಲರ್, ಎಳೀತೀನಿ. ಚೆನ್ನಾಗಿದ್ದೀನಲ್ಲ ಅಂತ ಒಮ್ಮೆ ನಿಲ್ಲಿಸಿ ಬೈಸಿಕೊಂಡದ್ದೂ ಆಯಿತು. ಫೋನ್‌ನಲ್ಲಿ ಗುಡುಗು ಅಸ್ತಮಾದ ಮುನ್ಸೂಚನೆ ಬರುತ್ತದೆ. ಮೊನ್ನೆ ಅದು ಬಂದ ದಿನವೇ ಅಮ್ಮ ವಿಡಿಯೊ ಕಾಲ್‌ನಲ್ಲಿ ಮಳೆ ತೋರಿಸು ಅಂದಳು. ಗಾಜಿಗೆ ಫೋನ್ ಅಂಟಿಸಿ ಹಿಡಿದೆ. "ಕಿಟಕಿ ತೆಗಿಯೋ, ಏನೂ ಕಾಣ್ತಿಲ್ಲ" ಅಂದಳು.