ತೇಝೆಯಲ್ಲಿ ಯಾರೂ ಅವಸರ ಮಾಡಲಿಲ್ಲ

ಪ್ಯಾರಿಸ್‌ನಿಂದ ಮಾಕೋನ್‌ವರೆಗೆ ರೈಲು, ಅಲ್ಲಿಂದ ಬಸ್ಸು. ದಾರಿಯಲ್ಲಿ ಕ್ಲೂನಿ ಸಿಗುತ್ತದೆ. 910ರಲ್ಲಿ ಶುರುವಾದ ಆ ಮಠದ ದೊಡ್ಡ ಚರ್ಚನ್ನು ಫ್ರೆಂಚ್ ಕ್ರಾಂತಿಯ ನಂತರ ಕೆಡವಿ ಕಲ್ಲುಗಳನ್ನು ಮಾರಿಬಿಟ್ಟರು. ಅಲ್ಲಿಂದ ಸ್ವಲ್ಪ ದೂರದ ಗುಡ್ಡದ ಮೇಲೆ ತೇಝೆ, ಕ್ರೈಸ್ತ ಸನ್ಯಾಸಿಗಳ ಸಮುದಾಯವೊಂದು ಇರುವ ಹಳ್ಳಿ.

ಸ್ವಿಟ್ಜರ್ಲೆಂಡಿನ ರೋಜೆ ಶುಟ್ಸ್ 1940ರಲ್ಲಿ ಇಲ್ಲಿಗೆ ಬಂದಾಗ ಅವರಿಗೆ 25 ವರ್ಷ. ಒಂದು ಮನೆ ಕೊಂಡು, ಯುದ್ಧದಿಂದ ತಪ್ಪಿಸಿಕೊಂಡು ಬಂದವರನ್ನು ಇಟ್ಟುಕೊಂಡರು. ಅವರಲ್ಲಿ ಯೆಹೂದ್ಯರೂ ಇದ್ದರು. 1949ರ ಈಸ್ಟರ್ ದಿನ ಏಳು ಜನ ಜೀವನಪೂರ್ತಿ ಒಟ್ಟಿಗಿರುವ ಹರಕೆ ಹೊತ್ತರು. ಈ ಸಮುದಾಯದ ಸನ್ಯಾಸಿಗಳನ್ನು ಬ್ರದರ್‌ಗಳು ಅನ್ನುತ್ತಾರೆ; ಈಗ ಅವರಲ್ಲಿ ಕ್ಯಾಥೊಲಿಕರು, ಪ್ರೊಟೆಸ್ಟೆಂಟರು ಇಬ್ಬರೂ ಇದ್ದಾರೆ. ದೇಣಿಗೆ ತೆಗೆದುಕೊಳ್ಳುವುದಿಲ್ಲ, ದುಡಿದೇ ಬದುಕುತ್ತಾರೆ.

1962ರ ಚರ್ಚ್ ಹೊರಗಿನಿಂದ ಬರೀ ಕಾಂಕ್ರೀಟು. ಒಳಗೆ ನೆಲದ ಮೇಲೆ ಕೂರಬೇಕು. ಮುಂದೆ ಕಿತ್ತಳೆ ಬಣ್ಣದ ಉದ್ದನೆ ಬಟ್ಟೆಗಳು, ಪುಟ್ಟ ಪುಟ್ಟ ದೀಪಗಳು. ದಿನಕ್ಕೆ ಮೂರು ಸಲ ಪ್ರಾರ್ಥನೆ. ಒಂದೇ ಸಾಲಿನ ಹಾಡನ್ನು ಮತ್ತೆ ಮತ್ತೆ ಹಾಡುತ್ತಾರೆ. ಪೂರ್ವ ದೇಶಗಳ ಆರ್ಥೊಡಾಕ್ಸ್ ಕ್ರೈಸ್ತ ಸನ್ಯಾಸಿಗಳು ಯೇಸುವಿನ ಹೆಸರನ್ನು ಉಸಿರಿನ ಜೊತೆ ಜಪಿಸುತ್ತಾ ಬಂದಿದ್ದಾರಲ್ಲ, ಇದೂ ಅದೇ ದಾರಿ ಅನಿಸಿತು. ಆಮೇಲೆ ಹಾಡು ನಿಂತು ಮೌನ ಶುರುವಾಗುತ್ತದೆ. ಮೊದಲು ಕಾಲು ನೋವು, ಕೆಮ್ಮು, ನಾಳೆಯ ಯೋಚನೆ. ಅದೆಲ್ಲ ತಣ್ಣಗಾದ ಮೇಲೆ ವರ್ಷಗಟ್ಟಲೆ ಒಳಗೆ ಅದುಮಿಟ್ಟ ಅಪ್ಪನ ಮೇಲಿನ ಸಿಟ್ಟು ಎದ್ದು ಬಂತು. ಅದನ್ನು ಅಲ್ಲೇ ದೇವರ ಮುಂದೆ ಇಟ್ಟೆ.

ಶುಕ್ರವಾರ ರಾತ್ರಿ ಶಿಲುಬೆಯನ್ನು ನೆಲದ ಮೇಲೆ ಮಲಗಿಸುತ್ತಾರೆ. ಜನ ಮೊಣಕಾಲಿನ ಮೇಲೆ ಒಬ್ಬೊಬ್ಬರಾಗಿ ಬಂದು ಅದಕ್ಕೆ ಹಣೆ ಹಚ್ಚುತ್ತಾರೆ. ನನ್ನ ಮುಂದಿದ್ದ ಹುಡುಗಿ ಹಣೆ ಹಚ್ಚಿದವಳು ಏಳಲೇ ಇಲ್ಲ. ಭುಜ ನಡುಗುತ್ತಿತ್ತು, ಒಂದು ಕೈ ಮರದ ಅಂಚನ್ನು ಬಿಗಿಯಾಗಿ ಹಿಡಿದಿತ್ತು. ಹಿಂದೆ ಸಾಲು ಬೆಳೆಯಿತು. ಯಾರೂ ಅವಳ ಬೆನ್ನು ತಟ್ಟಲಿಲ್ಲ, ಎದ್ದೇಳು ಅನ್ನಲಿಲ್ಲ. ಹಾಡು ಮುಂದುವರಿಯಿತು, ಅಷ್ಟೆ.

ಮೈಕ್ ಹಿಡಿದು, ತಲೆ ಮೇಲೆ ಕೈಯಿಟ್ಟು, "ಈಗಲೇ ಗುಣವಾಯಿತು" ಎಂದು ಸಾರುವ ಕೂಟಗಳನ್ನೂ ನೋಡಿದ್ದೇನೆ. ಅಲ್ಲಿ ಅಳುವವರ ನೋವೂ ನಿಜವೇ. ಆದರೆ ಗುಣವಾಗದೆ ಮನೆಗೆ ಹೋದವರು ನಂಬಿಕೆ ಕಡಿಮೆ ಆಯಿತೇನೋ ಎಂದು ತಮ್ಮನ್ನೇ ಬೈದುಕೊಳ್ಳುತ್ತಾರೆ. ಇದು ನನಗೆ ತುಂಬಾ ನೋವಿನ ವಿಷಯ. ತೇಝೆಯಲ್ಲಿ ರಾತ್ರಿ ಪ್ರಾರ್ಥನೆ ಮುಗಿದ ಮೇಲೆ ಕೆಲವು ಬ್ರದರ್‌ಗಳು ಚರ್ಚಿನೊಳಗೇ ಉಳಿಯುತ್ತಾರೆ. ಮಾತಾಡಬೇಕು ಅನಿಸಿದವರು ಹೋಗಬಹುದು. ಅವರು ಜಾಸ್ತಿ ಮಾತಾಡುವುದಿಲ್ಲ. ಕೇಳುತ್ತಾರೆ.

ರೋಜೆಯವರ ಸಮಾಧಿ ಹಳ್ಳಿಯ ಹಳೇ ಪುಟ್ಟ ಚರ್ಚಿನ ಅಂಗಳದಲ್ಲಿದೆ. 2005ರ ಆಗಸ್ಟ್ 16ರಂದು ಸಂಜೆಯ ಪ್ರಾರ್ಥನೆ ನಡೆಯುತ್ತಿದ್ದಾಗಲೇ ಮಾನಸಿಕ ಅಸ್ವಸ್ಥತೆಯಿದ್ದ ಮಹಿಳೆಯೊಬ್ಬರು ಅವರನ್ನು ಇರಿದು ಕೊಂದರು. ಆಗ ಅವರಿಗೆ 90 ವರ್ಷ. ಅವರ ನಂತರ ಸಮುದಾಯದ ಮುಖ್ಯಸ್ಥರಾದ ಬ್ರದರ್ ಅಲೋಯಿಸ್ ಅಂತ್ಯಸಂಸ್ಕಾರದಲ್ಲಿ, ಆಕೆಯನ್ನು ಕ್ಷಮಿಸು ಎಂದು ದೇವರನ್ನು ಬೇಡಿದರು.

ಇನ್ನೊಂದು ವಿಷಯ ಬಿಟ್ಟು ಬರೆದರೆ ತಪ್ಪಾಗುತ್ತದೆ. ಕೆಲವು ಬ್ರದರ್‌ಗಳಿಂದ ಹಿಂದೆ ಲೈಂಗಿಕ ದೌರ್ಜನ್ಯ ನಡೆದಿತ್ತು ಎಂದು 2019ರಲ್ಲಿ ಸಮುದಾಯವೇ ಬಹಿರಂಗವಾಗಿ ಹೇಳಿತು. ಓದಿದಾಗ ಹೊಟ್ಟೆ ಕಿವುಚಿತ್ತು. ಹೋಗುವುದೋ ಬೇಡವೋ ಎಂದು ಬಹಳ ಯೋಚಿಸಿದ್ದೆ. ನೊಂದವರ ಮಾತನ್ನು ಮುಚ್ಚಿಟ್ಟುಕೊಂಡು ಯಾವ ಚರ್ಚೂ ಸಾಂತ್ವನದ ಬಗ್ಗೆ ಬಾಯಿ ತೆರೆಯಬಾರದು ಅನ್ನುವುದು ನನ್ನ ನಂಬಿಕೆ. ಇಲ್ಲಿ ಒಬ್ಬ ಬ್ರದರ್ ಹತ್ತಿರ ನೇರವಾಗಿ ಕೇಳಿದೆ. ಅವರು ಮಾತು ಮರೆಸಲಿಲ್ಲ.

ವಾಪಸ್ ಬರುವ ಬಸ್ಸಿನಲ್ಲಿ ಆ ಹುಡುಗಿ ಪಕ್ಕದಲ್ಲೇ ಕೂತಳು. ತಮ್ಮ ತೀರಿಕೊಂಡ ಮೇಲೆ ಸರಿಯಾಗಿ ನಿದ್ದೆಯೇ ಬಂದಿರಲಿಲ್ಲವಂತೆ. ಈಗ ಹೇಗಿದೀಯ ಅಂದೆ. "ಇನ್ನೂ ನೋವಿದೆ. ಮನೆಗೆ ಹೋದ ತಕ್ಷಣ ಡಾಕ್ಟರ್ ಹತ್ತಿರ ಹೋಗ್ತೀನಿ. ಪ್ರಾರ್ಥನೆಯನ್ನೂ ಬಿಡಬೇಡ, ಡಾಕ್ಟರನ್ನೂ ನೋಡು ಅಂತ ಬ್ರದರ್ ಹೇಳಿದ್ರು" ಅಂದಳು.