ಮೆಜೆಸ್ಟಿಕ್ ಅಡಿಯಲ್ಲಿ ಇನ್ನೂ ಕೆರೆ ಇದೆ

ನಮ್ಮ ಗುಂಪು ಆಡುವುದು ರೋಲ್‌ಪ್ಲೇಯಿಂಗ್ ಆಟ: ಒಬ್ಬೊಬ್ಬರೂ ಒಂದು ಪಾತ್ರವಾಗಿ ಮಾತಾಡುತ್ತ, ಡೈಸ್ ಹಾಕುತ್ತ ಕಥೆ ಕಟ್ಟುವುದು. ಹೊಸ ಕ್ಯಾಂಪೇನ್, ಅಂದರೆ ಸೆಷನ್‌ನಿಂದ ಸೆಷನ್‌ಗೆ ಮುಂದುವರಿಯುವ ಒಂದೇ ಕಥೆ, ಶುರುವಾಗಿ ನಾಲ್ಕು ತಿಂಗಳಾಯಿತು. ಐದು ಜನ, ಒಂದು ಊಟದ ಟೇಬಲ್, ಡೈಸ್, ಪೆನ್ಸಿಲ್, ಯಾರಾದರೊಬ್ಬರು ತಂದ ಕೋಡುಬಳೆ. ಈ ಸಲದ ಕಥೆ ನಡೆಯುವುದು ಇವತ್ತಿನ ಬೆಂಗಳೂರಿನಲ್ಲೇ. ಮ್ಯಾಜಿಕ್ ಇದೆ, ಬಿಎಂಟಿಸಿ ಬಸ್ಸೂ ಇದೆ.

ಇದಕ್ಕೆ ಮೊದಲು ಮೂರು ವರ್ಷ ಆಡಿದ್ದು ಹಿಮ, ಕೋಟೆ, ಡ್ರ್ಯಾಗನ್ ಇರುವ ದೂರದ ರಾಜ್ಯಗಳಲ್ಲಿ. ಆ ಆಟಗಳೂ ನನಗೆ ಇಷ್ಟ. ಆದರೆ ಪಾತ್ರ ಬಾಯಿ ಬಿಟ್ಟ ಕೂಡಲೇ ನಾವೆಲ್ಲ ಇಂಗ್ಲಿಷಿಗೆ ಹೊರಳಿಬಿಡುತ್ತಿದ್ದೆವು. ಈ ಸಲ ಮೊದಲ ಸೆಷನ್‌ನಲ್ಲೇ, ಕಂಡಕ್ಟರ್ ಪಾತ್ರ ಆಡುವ ಗೆಳೆಯ, ಕೊನೇ ಬಸ್ಸು ಹತ್ತಿದ ದೆವ್ವಕ್ಕೆ "ತಾತ, ಫುಟ್‌ಬೋರ್ಡ್ ಬಿಟ್ಟು ಒಳಗೆ ಬನ್ನಿ, ಎಲ್ಲಿಗೆ ಕೊಡಲಿ?" ಅಂದ. ಕಥೆ ನಡೆಸುವ, ದೆವ್ವಗಳ ಪಾತ್ರವನ್ನೂ ಆಡುವ ಗೇಮ್ ಮಾಸ್ಟರ್ ನಾನು, ಉತ್ತರ ನಾನೇ ಹೇಳಬೇಕು. "ಸಂಪಂಗಿ ಕೆರೆ ಏರಿ, ಒಂದು" ಅಂದೆ. ಟೇಬಲ್ ಸುತ್ತ ಎಲ್ಲರೂ ಸುಮ್ಮನಾದರು.

ನಾನು ಕಟ್ಟಿದ ಈ ಊರಿನ ಬುಡದಲ್ಲಿರುವುದು ಒಂದೇ ಮಾತು: ಮುಚ್ಚಿದ ಕೆರೆ ಎಲ್ಲೂ ಹೋಗಿಲ್ಲ. ಮೆಜೆಸ್ಟಿಕ್ ಬಸ್ ನಿಲ್ದಾಣ ನಿಂತಿರುವುದು ಧರ್ಮಾಂಬುಧಿ ಕೆರೆಯ ಜಾಗದಲ್ಲಿ. ಕಂಠೀರವ ಕ್ರೀಡಾಂಗಣ ಇರುವಲ್ಲಿ ಸಂಪಂಗಿ ಕೆರೆ ಇತ್ತು. ಅಕ್ಕಿತಿಮ್ಮನಹಳ್ಳಿ ಕೆರೆ ಹಾಕಿ ಆಟದ ಸ್ಟೇಡಿಯಂ ಆಯಿತು, ಚಲ್ಲಘಟ್ಟ ಕೆರೆ ಗಾಲ್ಫ್ ಮೈದಾನ ಆಯಿತು. ನಮ್ಮ ಆಟದಲ್ಲಿ ಹುಣ್ಣಿಮೆ ರಾತ್ರಿ ಈ ಜಾಗಗಳಲ್ಲಿ ನೀರು ಮೇಲೆ ಬರುತ್ತದೆ. ಎಲ್ಲರ ಕಣ್ಣಿಗೂ ಕಾಣುವುದಿಲ್ಲ, ಆದರೆ ಪ್ಲಾಟ್‌ಫಾರ್ಮಿನಲ್ಲಿ ಮಲಗಿದವರ ಚಾದರ ಬೆಳಗ್ಗೆ ಒದ್ದೆಯಾಗಿರುತ್ತದೆ.

ಇಲ್ಲಿಗೆ ಬರಲು ನನಗೆ ಸಮಯ ಹಿಡಿಯಿತು. ಮೊದಲು ಬಡಾವಣೆಗೊಂದು ಅಂತ ಯಕ್ಷ, ಮೋಹಿನಿ, ಬ್ರಹ್ಮರಾಕ್ಷಸ ಎಲ್ಲರನ್ನೂ ಬರೆದಿಟ್ಟಿದ್ದೆ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧ ಇರಲಿಲ್ಲ, ಜಯನಗರದಲ್ಲಿ ನಡೆದದ್ದಕ್ಕೆ ಹೆಬ್ಬಾಳದಲ್ಲಿ ಏನೂ ಆಗುತ್ತಿರಲಿಲ್ಲ. ಆಮೇಲೆ ಊರಿನ ನೀರು ಎತ್ತ ಹರಿಯುತ್ತದೆ ಅಂತ ನೋಡಿದೆ. ಬೆಂಗಳೂರು ದಿಬ್ಬದ ಮೇಲೆ ಕೂತ ಊರು. ಪಶ್ಚಿಮದ ಕಡೆ ಬಿದ್ದ ಮಳೆ ವೃಷಭಾವತಿಗೆ ಇಳಿದು ಅರ್ಕಾವತಿ ಸೇರಿ ಕಾವೇರಿಗೆ ಹೋಗುತ್ತದೆ, ಪೂರ್ವಕ್ಕೆ ಬಿದ್ದದ್ದು ಬೆಳ್ಳಂದೂರು, ವರ್ತೂರು ದಾಟಿ ದಕ್ಷಿಣ ಪಿನಾಕಿನಿ ಕಡೆಗೆ. ಕೆರೆಗಳನ್ನು ಹಿಂದಿನವರು ಸರಪಳಿ ಥರ ಕಟ್ಟಿದ್ದರು. ಮೇಲಿನದು ಕೋಡಿ ಬಿದ್ದರೆ ನೀರು ರಾಜಕಾಲುವೆ ಹಿಡಿದು ಕೆಳಗಿನದಕ್ಕೆ. ಇದಕ್ಕಿಂತ ಒಳ್ಳೆಯ ಕ್ಯಾಂಪೇನ್ ನಕ್ಷೆಯನ್ನು ನಾನು ಕೂತು ಬರೆದರೂ ಬರೆಯಲಾಗುತ್ತಿರಲಿಲ್ಲ.

ಅದನ್ನೇ ನಿಯಮ ಮಾಡಿದೆ. ಪ್ರತಿ ಕೆರೆಗೂ ಹಾಳೆಯಲ್ಲಿ ಆರು ಮನೆ. ಗುಂಪು ಒಂದು ತೊಂದರೆಯನ್ನು ಬಗೆಹರಿಸದೆ ಪಕ್ಕಕ್ಕೆ ತಳ್ಳಿದರೆ ಒಂದು ಮನೆ ತುಂಬುತ್ತದೆ. ಆರೂ ತುಂಬಿದರೆ ಕೋಡಿ, ತೊಂದರೆ ಕೆಳಗಿನ ಕೆರೆಗೆ ಇಳಿಯುತ್ತದೆ, ದೊಡ್ಡದಾಗಿ. ಅಗರ ಕೆರೆಯಲ್ಲಿ ಮುನಿಸಿಕೊಂಡ ಒಂದು ಜೀವದ ಮಾತು ಕೇಳದೆ ಸೆಷನ್ ಮೇಲೆ ಸೆಷನ್ ಬೆದರಿಸಿ, ಕೊನೆಗೆ ಅಲ್ಲಿಂದ ಓಡಿಸಿ, ಗೆದ್ದೆವು ಅಂತ ಎಲ್ಲರೂ ಕುಣಿದರು. ಅದು ಬೆಳ್ಳಂದೂರಿಗೆ ಇಳಿಯಿತು. ಬೆಳ್ಳಂದೂರಿನ ನೊರೆ ರಸ್ತೆಗೆ ಹಾರುವುದನ್ನು, 2017ರಲ್ಲಿ ಆ ಕೆರೆಯಲ್ಲೇ ಬೆಂಕಿ ಎದ್ದದ್ದನ್ನು ನಾವೆಲ್ಲ ನೋಡಿದವರೇ ಅಲ್ವಾ. ಆಟದಲ್ಲಿ ಆ ಬೆಂಕಿ ಮತ್ತೆ ಹತ್ತಿತು, ಒಳಗೆ ಅಗರದಿಂದ ಓಡಿಸಿದ ಜೀವ ಕೂತಿತ್ತು. "ಇದು ನಾವೇ ಕಳಿಸಿದ್ದು" ಅಂತ ಒಬ್ಬಳು ಮೆಲ್ಲಗೆ ಹೇಳಿದಳು. ಆವತ್ತು ಯಾರೂ ಕತ್ತಿ ತೆಗೆಯಲಿಲ್ಲ, ಎರಡು ಗಂಟೆ ಮಾತೇ ನಡೆಯಿತು.

ಪಾತ್ರಗಳಲ್ಲಿ ನನಗೆ ಜಾಸ್ತಿ ಪ್ರೀತಿ ನೀರಗಂಟಿಯ ಮೇಲೆ. ತೂಬು ತೆಗೆದು, ಮುಚ್ಚಿ, ಯಾವ ಗದ್ದೆಗೆ ಎಷ್ಟು ನೀರು ಅಂತ ನೋಡಿಕೊಳ್ಳುತ್ತಿದ್ದವನು ನೀರಗಂಟಿ. ನಮ್ಮ ಕಥೆಯ ನೀರಗಂಟಿ ಇವತ್ತಿನ ವಾಲ್ವ್‌ಮನ್, ಬೀದಿ ಮಧ್ಯೆ ಮುಚ್ಚಳ ಎತ್ತಿ ಉದ್ದನೆಯ ಕಬ್ಬಿಣದ ಕೀಲಿ ತಿರುಗಿಸಿ ಕಾವೇರಿ ನೀರು ಬಿಡುವವರು ಇದ್ದಾರಲ್ಲ, ಅವರಲ್ಲಿ ಒಬ್ಬ. ಹಗಲು ಪೈಪಿನ ನೀರು, ರಾತ್ರಿ ಹಳೆಯ ನೀರು. ಎರಡಕ್ಕೂ ಹೊಂದಿಕೆಯಿಲ್ಲ. ಕಾವೇರಿ 1974ರಲ್ಲಿ ಸುಮಾರು ನೂರು ಕಿಲೋಮೀಟರ್ ದೂರದಿಂದ ಪಂಪಿನ ಬಲದಲ್ಲಿ ಹತ್ತಿ ಬಂದವಳು, ಬರುತ್ತೇನೆ ಅಂತ ಅವಳೇನೂ ಕೇಳಿರಲಿಲ್ಲ, ಬಂದಮೇಲೆ ಊರು ತನ್ನ ಕೆರೆಗಳನ್ನು ಇನ್ನಷ್ಟು ಮರೆಯಿತು. ಹಳೆಯ ನೀರಿಗೆ ಆ ಸಿಟ್ಟಿದೆ. ನನ್ನ ಪ್ರಕಾರ ಇಬ್ಬರದೂ ತಪ್ಪಲ್ಲ, ವಾಲ್ವ್‌ಮನ್ ಮಾತ್ರ ಇಬ್ಬರಿಗೂ ಉತ್ತರ ಹೇಳಬೇಕು.

ಇನ್ನೊಂದು ನಿಯಮ ಎಲ್ಲರಿಗೂ ಗೊತ್ತಿರುವುದೇ, ಬಾಗಿಲ ಮೇಲಿನ "ನಾಳೆ ಬಾ". ನಮ್ಮಲ್ಲಿ ಕೈಯಿಂದ ಬರೆದ ಕನ್ನಡ ಅಕ್ಷರಕ್ಕೆ ದೆವ್ವಗಳು ಕಟ್ಟುಬೀಳುತ್ತವೆ. ಪ್ರಿಂಟ್ ಹೊಡೆದ ಬೋರ್ಡು ನಡೆಯುವುದಿಲ್ಲ. ಕಂಡಕ್ಟರ್ ಒಮ್ಮೆ ಚಾಕ್‌ಪೀಸಿನಲ್ಲಿ ಬಸ್ಸಿನ ಬಾಗಿಲಿಗೆ ಅದನ್ನು ಬರೆದು ಇಡೀ ಬಸ್ಸನ್ನು ಉಳಿಸಿದ. ಆದರೆ ಬರೆದದ್ದು ಮಾತು ಕೊಟ್ಟ ಹಾಗೆ, ನಾಳೆ ಅದು ಬಂದೇ ಬರುತ್ತದೆ.

ದೇವರ ವಿಷಯ ಮಾತ್ರ ನಾನು ತುಂಬ ಯೋಚಿಸಿದೆ. ಜನ ಇವತ್ತೂ ಕೈಮುಗಿಯುವ ದೇವರಿಗೆ ನಮ್ಮ ಆಟದಲ್ಲಿ ಶಕ್ತಿ ಇಷ್ಟು ಅಂತ ಅಳೆಯುವ ಅಂಕಿಗಳಿಲ್ಲ, ಅವರ ಎದುರು ಡೈಸ್ ಹಾಕುವಂತಿಲ್ಲ, ಅವರ ಪಾತ್ರ ನಾನೂ ಆಡುವುದಿಲ್ಲ. ಅಣ್ಣಮ್ಮನ ಗುಡಿ ಇದೆ, ಅಲ್ಲಿ ದೀಪ ಇದೆ, ಅಷ್ಟೇ. ಕರಗದ ಬಗ್ಗೆ ಮೊದಲು ನಮ್ಮ ಗುಂಪಿನಲ್ಲಿ ಪ್ರತಿ ವರ್ಷ ಮನೆಯವರ ಜೊತೆ ಕರಗಕ್ಕೆ ಹೋಗುವ ಗೆಳತಿಯನ್ನು ಕೇಳಿದೆ. ಅವಳು ಹೇಳಿದ ಹಾಗೆ ಮಾಡಿದ್ದೇವೆ: ಚೈತ್ರ ಹುಣ್ಣಿಮೆಯ ಆ ರಾತ್ರಿ ಆಟದಲ್ಲಿ ಯಾರೂ ಯಾರ ಮೇಲೂ ಕೈ ಎತ್ತುವುದಿಲ್ಲ. ಕರಗ ಧರ್ಮರಾಯನ ಗುಡಿಯಿಂದ ಹೊರಟು ಮಸ್ತಾನ್ ಸಾಬ್ ದರ್ಗಾಕ್ಕೆ ಹೋಗಿ ಬರುವವರೆಗೂ ದೆವ್ವ, ಮನುಷ್ಯ ಎಲ್ಲರೂ ಬೀದಿ ಬದಿಯಲ್ಲಿ ಒಟ್ಟಿಗೆ ನಿಂತಿರುತ್ತಾರೆ.

ಮುಂದಿನ ಭಾನುವಾರದ ಸೆಷನ್ ಆ ರಾತ್ರಿಯ ಮಾರನೇ ದಿನ ಶುರು. ಸಂಪಂಗಿ ಕೆರೆಯಲ್ಲಿ ಈಗ ಉಳಿದಿರುವುದು ಚಿಕ್ಕದೊಂದು ಕಲ್ಯಾಣಿ. ಅದರ ಕೆಳಗೆ ನಾನು ಒಂದು ಹಳೇ ತೂಬು ಇಟ್ಟಿದ್ದೇನೆ. ಕೀಲಿ ವಾಲ್ವ್‌ಮನ್ ಹತ್ತಿರ ಇದೆ, ಆ ತಾತ ಇನ್ನೂ ಬಸ್ಸಿನಲ್ಲೇ ಕೂತಿದ್ದಾನೆ, ಟಿಕೆಟ್ ಕೈಯಲ್ಲಿ ಹಿಡಿದುಕೊಂಡು.