ಸಮುದ್ರಕ್ಕೆ ಸೇರುವ ನೀರು

ಗೋಕರ್ಣದ ಬಳಿಯ ತದಡಿಯ ಧಕ್ಕೆಯಲ್ಲಿ ನನ್ನ ಚಿಕ್ಕಪ್ಪನ ಮಗ ಆಡಿದ ಮಾತು ಮತ್ತು ಅದಕ್ಕೆ ಅಲ್ಲಿನ ಹೆಂಗಸೊಬ್ಬರು ಕೊಟ್ಟ ಉತ್ತರ, ಕಲಬುರಗಿಗೆ ಮರಳಿ ವಾರವಾಗುತ್ತ ಬಂದರೂ ಕಿವಿಯಲ್ಲೇ ಉಳಿದಿವೆ.

ಹುಬ್ಬಳ್ಳಿ–ಅಂಕೋಲಾ ರೈಲುಮಾರ್ಗ ದಶಕಗಳಿಂದ ಕಾಗದದ ಮೇಲೆಯೇ ಇರುವುದರಿಂದ, ರೈಲನ್ನೇ ನಂಬಿ ಕಡಲು ನೋಡಹೊರಟ ನಮ್ಮ ಕಡೆಯವರು ಸೊಲ್ಲಾಪುರ, ವಿಜಯಪುರ, ಗದಗ, ಹುಬ್ಬಳ್ಳಿಗಳನ್ನು ಸುತ್ತಿ, ಕ್ಯಾಸಲ್‌ರಾಕ್‌ನಿಂದ ಘಟ್ಟ ಇಳಿದು, ಮಡಗಾಂವ್‌ನಲ್ಲಿ ಕೊಂಕಣ ರೈಲು ಹತ್ತಬೇಕು. ಗೋಕರ್ಣದಲ್ಲಿ ಕುಡ್ಲೆಯಿಂದ ಓಂ ಕಡಲತೀರಕ್ಕೆ ಗುಡ್ಡದ ಕಾಲುದಾರಿ ಹಿಡಿದು ನಡೆದೆವು. ಅಲ್ಲಿಯ ಚೆಲುವನ್ನು ಬಹಳ ಜನ ಬರೆದಿದ್ದಾರೆ. ನಾನು ಸೇರಿಸಬೇಕಾದದ್ದು ಏನೂ ಇಲ್ಲ.

ಮರುದಿನ ಬಾಡಿಗೆ ಸೈಕಲ್‌ಗಳಲ್ಲಿ ತದಡಿಗೆ ಹೋದೆವು. ಅಘನಾಶಿನಿ ಸಮುದ್ರ ಸೇರುವ ಅಳಿವೆ ಅದು. ಶಿರಸಿ ಕಡೆಯಿಂದ ಇಳಿದು ಬರುವ ಈ ನದಿಗೆ ದೊಡ್ಡ ಅಣೆಕಟ್ಟೆ ಒಂದೂ ಇಲ್ಲ. ಇಳಿತದ ಹೊತ್ತಾದ್ದರಿಂದ ಕೆಸರು ದಿಬ್ಬಗಳು ಮೇಲೆದ್ದಿದ್ದವು. ಮೊಣಕಾಲುದ್ದದ ನೀರಿನಲ್ಲಿ ಬಾಗಿದ ಹೆಂಗಸರು ಕೈಯಿಂದಲೇ ತಡಕಿ ಚಿಪ್ಪಿಕಲ್ಲು ಆಯ್ದು, ಸೊಂಟಕ್ಕೆ ಕಟ್ಟಿಕೊಂಡ ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು. ದೋಣಿಗೆ ಕಾಯುತ್ತಿದ್ದ ನನ್ನ ತಮ್ಮ, ಅದೇ ಚಿಕ್ಕಪ್ಪನ ಮಗ, ಹೊಳೆಯನ್ನೇ ನೋಡುತ್ತ, ‘ಅಣ್ಣಾ, ಎಷ್ಟ್ ನೀರ್ ಅದ ನೋಡು, ಎಲ್ಲಾ ಸುಮ್ಮ ಸಮುದ್ರಕ್ಕ ಹೊಂಟದ’ ಎಂದ. ಪಕ್ಕದಲ್ಲಿ ಬುಟ್ಟಿ ಇಳಿಸಿ ಕುಳಿತಿದ್ದ ಹಿರಿಯ ಹೆಂಗಸು ತಲೆಯೆತ್ತಿ, ‘ಹೊಳೆ ಸಮುದ್ರಕ್ಕೆ ಹೋಗದಿದ್ರೆ ನಾವು ಆಯೋದೇನು ತಮ್ಮಾ?’ ಎಂದು ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ. ತಮ್ಮ ನಕ್ಕು ಸುಮ್ಮನಾದ. ವಾದದಲ್ಲಿ ಸೋಲುವುದು ಅವನ ಜಾಯಮಾನವಲ್ಲ, ಆದ್ದರಿಂದ ಆ ನಗುವನ್ನು ನಾನು ನಂಬಲಿಲ್ಲ.

ಸಿಹಿನೀರು ಮತ್ತು ಉಪ್ಪುನೀರು ಬೆರೆಯುವಲ್ಲಿಯೇ ಈ ಚಿಪ್ಪಿಕಲ್ಲುಗಳು ಬೆಳೆಯುತ್ತವೆ. ಮಾಣಿಕಟ್ಟಾ ಕಡೆಯ ಗಜನಿ ಗದ್ದೆಗಳಲ್ಲಿ, ಅಂದರೆ ಅಳಿವೆಯಂಚಿನ ಉಪ್ಪುನೀರಿನ ಗದ್ದೆಗಳಲ್ಲಿ, ಬೆಳೆಯುವ ಕಗ್ಗ ಭತ್ತ ಉಪ್ಪನ್ನೂ ನೆರೆಯನ್ನೂ ತಾಳಿಕೊಳ್ಳುತ್ತದೆಯಾದರೂ ಅದು ಮೊಳೆತು ಏಳಲು ಮಳೆಗಾಲದ ಸಿಹಿನೀರೇ ಬೇಕು. ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಪ್ಪುನೀರು ಬಿಟ್ಟು ಮೀನು, ಸಿಗಡಿ ಹಿಡಿಯುತ್ತಾರೆ. 2024ರಲ್ಲಿ ಈ ಅಳಿವೆ ರಾಮ್ಸರ್ ತಾಣವೆಂದು, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಯೆಂದು, ಘೋಷಿತವಾಯಿತು. ಆದರೂ ಈ ನದಿಯನ್ನು ಬಯಲುಸೀಮೆಗೆ ತಿರುಗಿಸುವ ಯೋಜನೆಯ ಮಾತು ನಿಂತಿಲ್ಲ, ಮತ್ತು ಆ ಮಾತಿನ ಹಿಂದೆ ಇರುವುದು ನನ್ನ ತಮ್ಮನ ವಾಕ್ಯವೇ.

ಟ್ಯಾಂಕರ್ ಬಂದ ದಿನ ಕೊಡ ಹಿಡಿದು ಓಡಿ ಬೆಳೆದವನಿಗೆ ಹಾಗೆ ಅನಿಸುವುದನ್ನು ನಾನು ತಪ್ಪೆನ್ನಲಾರೆ. ಆದರೆ ಮರಳುವಾಗ ಇಂಡಿ ರೋಡ್ ದಾಟಿದ ಮೇಲೆ ರೈಲು ಭೀಮಾ ಸೇತುವೆಯ ಮೇಲೆ ಸಾಗಿತು. ಕೆಳಗೆ ಮರಳಿನ ನಡುವೆ ಅಲ್ಲಲ್ಲಿ ಮಡುಗಟ್ಟಿದ ನೀರಷ್ಟೇ ಇತ್ತು. ಮೇಲೆ ಸೊಲ್ಲಾಪುರ ಜಿಲ್ಲೆಯಲ್ಲಿ ಉಜನಿ ಜಲಾಶಯವಿದೆ. ಅಲ್ಲಿಂದ ನೀರು ಬಿಡಿ ಎಂದು ಬೇಸಿಗೆಯಲ್ಲಿ ನಮ್ಮ ಜಿಲ್ಲೆಯ ಅಫಜಲಪುರದವರು ಕೂಗುವಾಗ ಹೊಳೆಯ ಕೆಳಗಿನವರು ನಾವು. ಕೆಳಗೆ ಹರಿದದ್ದೆಲ್ಲ ವ್ಯರ್ಥ ಎಂದು ಮೇಲಿನವರು ಲೆಕ್ಕ ಹಾಕಿದರೆ ಆ ಲೆಕ್ಕದಲ್ಲಿ ಕಲಬುರಗಿಯೂ ಸಮುದ್ರವೇ ಆಗುತ್ತದೆ.

ಇದನ್ನು ಹೇಳಿದಾಗ ತಮ್ಮ, ‘ನಮ್ದು ಕುಡಿಯಾ ನೀರಿನ ಮಾತು, ಅವರದು ಚಿಪ್ಪಿ’ ಎಂದ. ಆ ಚಿಪ್ಪಿ ಮಾರಿಯೇ ಅವರು ಅಕ್ಕಿ ತರುವುದು ಎಂದೆ. ಸೊಲ್ಲಾಪುರದಲ್ಲಿ ರೈಲು ಬದಲಿಸಿ ಕಲಬುರಗಿಯಲ್ಲಿ ಇಳಿಯುವವರೆಗೂ ನಮ್ಮ ವಾದ ಮುಗಿದಿರಲಿಲ್ಲ.